ಬೆನ್ನಿಗೆ ಚೀಲ, ಎದುರಿಗೆ ಘಟ್ಟ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಳೆ ಹಿಂದೆ ಸರಿದು ಗದ್ದೆ ಕೊಯ್ಲಿಗೆ ಬರುವ ಹೊತ್ತಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಚಾರಣದ ಕಾಲವೂ ಶುರುವಾಗುತ್ತದೆ. ಹೊರೆ ಹೊತ್ತು ಇಡೀ ದಿನ ನಡೆಯುವವರಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಪೂರ್ತಿ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ನಾಲ್ವರು ಗೆಳೆಯರು ಘಟ್ಟದ ಮೇಲಿನ ಊರಿನಿಂದ ಕಾಡುದಾರಿ ಹಿಡಿದು ಕುಮಟಾ ಕಡೆಗೆ ಇಳಿಯಬೇಕೆಂದಿದ್ದೇವೆ. ದಾರಿ ಸುಮಾರು 20 ಕಿ.ಮೀ. ತಾಸಿಗೆ 5 ಕಿ.ಮೀ. ಹಿಡಿದರೂ ನಾಲ್ಕು ತಾಸು. ತಿಂಡಿ ಮುಗಿಸಿ 10ಕ್ಕೆ ಹೊರಟರೆ ಸಂಜೆ ಚಹಾದ ಹೊತ್ತಿಗೆ ಊರು ಸೇರಬಹುದಲ್ಲವೇ?
— ಶಿರಸಿ

ಉತ್ತರ: ಆಗುವುದಿಲ್ಲ. 10ಕ್ಕೆ ಹೊರಟರೆ ರಾತ್ರಿ 8ಕ್ಕೂ ನೀವು ಕಾಡಿನಲ್ಲೇ ಇರುತ್ತೀರಿ.

ತಾಸಿಗೆ 5 ಕಿ.ಮೀ. ಎಂಬುದು ಸುಳ್ಳು ಲೆಕ್ಕವೇನಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದಲ್ಲೂ ಅದೇ ಇದೆ: ತಾಸಿಗೆ 3 ಮೈಲಿ, ಜೊತೆಗೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ತಾಸು. ಆದರೆ ಅದು ಒಳ್ಳೆಯ ಕಾಲುದಾರಿಯಲ್ಲಿ ಹಗುರಾಗಿ ನಡೆಯುವ ಗಟ್ಟಿ ಆಳಿನ ಲೆಕ್ಕ. ನಮ್ಮ ಘಟ್ಟದಲ್ಲಿ ದರಕಿನ (ಉದುರಿದ ಒಣ ಎಲೆಯ) ಅಡಿಯಲ್ಲಿ ಬೇರು, ಬೇರಿನ ಅಡಿಯಲ್ಲಿ ಸಡಿಲ ಕಲ್ಲು. ಬೆನ್ನ ಮೇಲೆ 10 ಕೆ.ಜಿ. ಇದ್ದಾಗ ತಾಸಿಗೆ 3 ಕಿ.ಮೀ. ಹಿಡಿಯುವುದೇ ಕ್ಷೇಮ.

ಈಗ ಕೂಡಿಸಿ. 20 ಕಿ.ಮೀ.ಗೆ 6 ತಾಸು 40 ನಿಮಿಷ. ಘಟ್ಟ ಇಳಿಯುವ ದಾರಿಯೂ ಬರೀ ಇಳಿಯುವುದಿಲ್ಲ. ಹಳ್ಳಕ್ಕೆ ಇಳಿದು ಮತ್ತೊಂದು ದಿಣ್ಣೆ ಹತ್ತುತ್ತದೆ. ಇಂಥ ಏರುಗಳೆಲ್ಲ ಸೇರಿ 600 ಮೀಟರ್ ಆದರೆ ಅದಕ್ಕೆ 1 ತಾಸು. ಕಡಿದಾದ ಇಳಿತಕ್ಕೂ ಹೊತ್ತು ಬೇಕು, ಪ್ರತಿ 300 ಮೀಟರಿಗೆ 10 ನಿಮಿಷ. 800 ಮೀಟರ್ ಇಳಿತಕ್ಕೆ ಸುಮಾರು 27 ನಿಮಿಷ. ತಾಸಿಗೆ 10 ನಿಮಿಷದಂತೆ ವಿಶ್ರಾಂತಿ 1 ತಾಸು 20 ನಿಮಿಷ, ಊಟಕ್ಕೆ 45 ನಿಮಿಷ. ಒಟ್ಟು 10 ತಾಸು ದಾಟಿತು. ಏರು ಇಳಿತದ ಅಂಕಿಗಳನ್ನು ನಿಮ್ಮ ದಾರಿಯ ನಕಾಶೆ ನೋಡಿ ಬದಲಾಯಿಸಿಕೊಳ್ಳಿ. ಲೆಕ್ಕ ಹಾಕುವ ಕ್ರಮ ಇದೇ.

ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಮುಳುಗುವುದು ಸಂಜೆ 6 ದಾಟಿ ಕೆಲವೇ ನಿಮಿಷಕ್ಕೆ. ಮರ ದಟ್ಟವಿರುವ ಕಣಿವೆಯಲ್ಲಿ 5ಕ್ಕೇ ಮಬ್ಬು. ಹಾಗಾಗಿ ಬೆಳಿಗ್ಗೆ 6.45ಕ್ಕೆ ಮೊದಲ ಹೆಜ್ಜೆ ಬಿದ್ದರೆ 5ರ ಹೊತ್ತಿಗೆ ಊರು. ಅದಕ್ಕೂ ಮೊದಲು ಕತ್ತಲಲ್ಲಿ ಕಾಡು ಹೊಗುವುದು ಬೇಡ. ಕರಡಿ, ಕಾಡುಕೋಣ ಅಡ್ಡಾಡುವ ಹೊತ್ತು ಅದು.

ಇನ್ನೊಂದು ಕೆಲಸವನ್ನು ಹಿಂದಿನ ರಾತ್ರಿಯೇ ಮಾಡಿ. ನಡುದಾರಿಯಲ್ಲಿ ಡಾಂಬರು ರಸ್ತೆಗೆ ಹೊರಬೀಳುವ ಒಂದು ಜಾಗ ಗುರುತಿಸಿ, ಅದಕ್ಕೊಂದು ಗಡುವು ಬರೆದಿಡಿ. 6.45ಕ್ಕೆ ಹೊರಟವರು ಮಧ್ಯಾಹ್ನ 12ಕ್ಕೆ 10 ಕಿ.ಮೀ. ಮುಗಿಸಿರಬೇಕು. ಮುಗಿಸಿಲ್ಲವೆಂದರೆ ಚರ್ಚೆಯಿಲ್ಲದೆ ರಸ್ತೆಗೆ ಹೊರಳಿ. ಗಡುವನ್ನು ಕಾಡಿನಲ್ಲಿ ನಿಂತು ಗೊತ್ತು ಮಾಡಲು ಹೋದರೆ ‘ಇನ್ನೊಂದು ತಿರುವು ನೋಡೋಣ’ ಎನ್ನುವವನದೇ ಮಾತು ನಡೆಯುತ್ತದೆ. ಮಧ್ಯಾಹ್ನ 3ರ ಮೇಲಿನ ಇಳಿಜಾರಿನಲ್ಲಿ ತೊಡೆ ಸೋತಿರುತ್ತದೆ, ಬೆಳಕು ಓರೆಯಾಗಿರುತ್ತದೆ, ನೀರೂ ತೀರುತ್ತ ಬಂದಿರುತ್ತದೆ. ಕಾಲು ಉಳುಕುವುದು ಹೆಚ್ಚಾಗಿ ಆಗಲೇ. ಆ ಹೊತ್ತಿಗೆ ಅವಸರವೂ ಸೇರಬಾರದೆಂದೇ ಇಷ್ಟು ಲೆಕ್ಕ.

ಪ್ರಶ್ನೆ: ನನ್ನ ತೂಕ 52 ಕೆ.ಜಿ. ಒಂದು ರಾತ್ರಿ ತಂಗುವ ಚಾರಣಕ್ಕೆ ಅಂಗಡಿಯವರು 70 ಲೀಟರಿನ ಚೀಲ ಕೊಡಲು ಬಂದರು. ನಮ್ಮ ಮನೆಯವರು ‘ದೊಡ್ಡದೇ ಇರಲಿ, ಮುಂದೆ ಹಿಮಾಲಯಕ್ಕೂ ಆದೀತು’ ಅನ್ನುತ್ತಾರೆ. ಕಳೆದ ಸಲ ಎರವಲು ಚೀಲ ಹೊತ್ತು ಹೆಗಲು ಎರಡು ದಿನ ನೋವು. ಎಷ್ಟು ಹೊರಬೇಕು, ಹೇಗೆ ಹೊರಬೇಕು?
— ಹಳಿಯಾಳ

ಉತ್ತರ: ಮೈ ತೂಕದ ಐದನೇ ಒಂದು ಪಾಲು ಮೇಲಿನ ಮಿತಿ. ನಿಮಗೆ ಅದು 10.4 ಕೆ.ಜಿ. ಒಂದು ರಾತ್ರಿಗೆ 40ರಿಂದ 45 ಲೀಟರಿನ ಚೀಲ ಧಾರಾಳ ಸಾಕು. ದೊಡ್ಡ ಚೀಲ ತಂದರೆ ಅದು ತುಂಬದೆ ಇರುವುದಿಲ್ಲ. ಖಾಲಿ ಜಾಗ ಕಂಡಾಗ ಇನ್ನೊಂದು ಜಾಕೆಟು, ಇನ್ನೊಂದು ಡಬ್ಬಿ ಒಳಗೆ ಹೋಗುತ್ತದೆ.

ಅಡಿಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ. ಅಂದಾಜಿಗೆ ಹೀಗೆ: ಚೀಲವೇ 1.4 ಕೆ.ಜಿ. ಇಬ್ಬರು ಹಂಚಿಕೊಂಡ ಗುಡಾರದ ಪಾಲು 1.2. ತೆಳು ಮಲಗುಚೀಲ 0.7, ಅಡಿಹಾಸು 0.4. ಬದಲಿ ಬಟ್ಟೆ ಕಾಲುಚೀಲ ಸೇರಿ 0.9, ಮಳೆಯಂಗಿ 0.3. ಒಲೆ ಪಾತ್ರೆಗಳ ಪಾಲು 0.6, ಆಹಾರ 1.2, ನೀರು 3 ಲೀಟರ್ ಎಂದರೆ 3 ಕೆ.ಜಿ. ಔಷಧಿ 0.3, ತಲೆದೀಪ, ಪವರ್ ಬ್ಯಾಂಕ್, ಹಗ್ಗ, ಚಾಕು ಎಲ್ಲ ಸೇರಿ 0.4. ಕೂಡಿದರೆ ಸರಿಯಾಗಿ 10.4. ಇದರ ಮೇಲೆ ಕ್ಯಾಮೆರಾ ಬೇಕೆಂದರೆ ಬೇರೇನಾದರೂ ಮನೆಯಲ್ಲಿ ಉಳಿಯಬೇಕು. ಊರಿನೊಳಗೆ ಮನೆಯೊಂದರಲ್ಲಿ ತಂಗುವ ಏರ್ಪಾಡಾದರೆ ಗುಡಾರ, ಒಲೆ, ಹಾಸು ಮೂರೂ ಬಿಟ್ಟು 2.2 ಕೆ.ಜಿ. ಇಳಿಸಬಹುದು. ನಮ್ಮ ಜಿಲ್ಲೆಗೆ ನಾವು ಹೇಳುವುದು ಇದನ್ನೇ: ಅನುಮತಿಯಿಲ್ಲದೆ ಕಾಡಿನಲ್ಲಿ ಗುಡಾರ ಹಾಕುವಂತಿಲ್ಲ, ಮೊದಲೇ ಕೇಳಿಕೊಂಡರೆ ಜಗುಲಿ ಕೊಡುವ ಮನೆಗಳಿವೆ.

ತುಂಬುವಾಗ ತಳಕ್ಕೆ ಮಲಗುಚೀಲ. ಅದರ ಮೇಲೆ, ಬೆನ್ನಿಗೆ ತೀರ ಹತ್ತಿರ, ಭುಜದ ಎಲುಬಿನ ಮಟ್ಟದಲ್ಲಿ ಭಾರದ ವಸ್ತುಗಳು: ನೀರು, ಆಹಾರ, ಪಾತ್ರೆ. ಬಟ್ಟೆಯಂಥ ಹಗುರಾದವು ಹೊರಬದಿಗೆ. ಭಾರ ಹೊರಬದಿಗೆ ಹೋದರೆ ಚೀಲ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ನೀವು ಮುಂದಕ್ಕೆ ಬಗ್ಗುತ್ತೀರಿ, ಸಂಜೆಗೆ ಸೊಂಟ ಹಿಡಿಯುತ್ತದೆ. ಮಳೆಯಂಗಿ ಮೇಲಿನ ಜೇಬಿನಲ್ಲಿರಲಿ. ಒಳಗಿನದನ್ನೆಲ್ಲ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಹೊರಗಿನ ಹೊದಿಕೆಯೊಂದನ್ನೇ ನಂಬಿದರೆ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ.

ಹೆಗಲು ನೋವಿಗೆ ಕಾರಣ ಬಹುಮಟ್ಟಿಗೆ ಪಟ್ಟಿ ಬಿಗಿಯುವ ಕ್ರಮ. ಎಲ್ಲ ಪಟ್ಟಿ ಸಡಿಲಿಸಿ ಚೀಲ ಏರಿಸಿ. ಮೊದಲು ಸೊಂಟಪಟ್ಟಿ. ಸೊಂಟದ ಎರಡೂ ಬದಿ ಕೈಗೆ ಸಿಗುವ ಎಲುಬಿನ ಏಣು ಇದೆಯಲ್ಲ, ಪಟ್ಟಿಯ ಮಧ್ಯಭಾಗ ಅದರ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಅದನ್ನು ಬಿಗಿದ ಮೇಲೆ ಹೆಗಲಪಟ್ಟಿಗಳನ್ನು ಮೈಗೆ ತಾಗುವಷ್ಟೇ ಎಳೆಯಿರಿ. ಆಮೇಲೆ ಭುಜದ ಮೇಲಿಂದ ಚೀಲದ ತಲೆಗೆ ಹೋಗುವ ಸಣ್ಣ ಪಟ್ಟಿ, ಸುಮಾರು 45 ಡಿಗ್ರಿ ಓರೆಯಲ್ಲಿ. ಕೊನೆಗೆ ಎದೆಪಟ್ಟಿ, ಉಸಿರಿಗೆ ಅಡ್ಡಿಯಾಗದಷ್ಟು. ಸರಿಯಾಗಿ ಕೂತಿದ್ದರೆ ಹೆಗಲಪಟ್ಟಿಯ ಅಡಿ ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಭಾರದ ಹೆಚ್ಚಿನ ಪಾಲು ಸೊಂಟದ್ದು. ಅಂಗಡಿಯಲ್ಲಿ ಖಾಲಿ ಚೀಲ ಹಾಕಿ ನೋಡಿದರೆ ಇದೊಂದೂ ತಿಳಿಯದು. 8 ಕೆ.ಜಿ. ತುಂಬಿಸಿಕೊಡಿ ಎಂದು ಕೇಳಿ, ಹದಿನೈದು ನಿಮಿಷ ಅಲ್ಲೇ ನಡೆದಾಡಿ. ಚೀಲದ ಲೀಟರಿಗಿಂತ ನಿಮ್ಮ ಬೆನ್ನಿನ ಉದ್ದಕ್ಕೆ ಅದು ಹೊಂದುವುದೇ ಮುಖ್ಯ. ಹಿಮಾಲಯಕ್ಕೆ ಹೋಗುವಾಗ ದೊಡ್ಡ ಚೀಲ ಬಾಡಿಗೆಗೂ ಸಿಗುತ್ತದೆ.

ಪ್ರಶ್ನೆ: ಫೆಬ್ರವರಿಯಲ್ಲಿ ಗುಡ್ಡ ಹತ್ತುವಾಗ 2 ಲೀಟರ್ ನೀರು 11ಕ್ಕೇ ಮುಗಿಯಿತು. ಹಳ್ಳದ ನೀರು ಕುಡಿಯಬಹುದೇ? ಅಬ್ಬಿ ನೀರಾದರೆ ಶುದ್ಧ ತಾನೇ?
— ಕಾರವಾರ

ಉತ್ತರ: ಕರಾವಳಿಯ ಗುಡ್ಡದಲ್ಲಿ ಬಿಸಿಲಿಗಿಂತ ಸೆಕೆಯೇ ಕಷ್ಟ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರದೆ ಹರಿದು ಹೋಗುತ್ತದೆ. ಮೈ ತಣಿಯುವುದಿಲ್ಲ, ನೀರು ಮಾತ್ರ ಖರ್ಚಾಗುತ್ತದೆ. ಏರಿನಲ್ಲಿ ತಾಸಿಗೆ ಮುಕ್ಕಾಲು ಲೀಟರ್ ಹಿಡಿಯಿರಿ. ಹೊರಡುವ ಮೊದಲು ಅರ್ಧ ಲೀಟರ್ ಕುಡಿದು, 3 ಲೀಟರ್ ಹೊತ್ತು, ನಾಲ್ಕನೇ ತಾಸಿನೊಳಗೆ ಮತ್ತೆ ತುಂಬಿಸಿಕೊಳ್ಳುವ ಜಾಗ ಎಲ್ಲೆಂದು ಗೊತ್ತು ಮಾಡಿಕೊಂಡೇ ನಡೆಯಿರಿ. ಮಳೆಗಾಲ ಮುಗಿದಾಗ ತುಂಬಿ ಹರಿದ ಹಳ್ಳ ಫೆಬ್ರವರಿಗೆ ಒಣಗಿರಬಹುದು, ಹಾಗಾಗಿ ಹಿಂದಿನ ವಾರ ಆ ದಾರಿ ನಡೆದ ಊರಿನವರನ್ನು ಕೇಳಿ.

ಬಂಡೆ ಸೀಳಿನಿಂದ ಬಂದ ಅಬ್ಬಿ ನೀರು ಒಳ್ಳೆಯದೇ. ಆದರೆ ಅದು ನಿಮ್ಮ ಕೈಗೆ ಬರುವ ಮೊದಲು ಅಡಿಕೆ ದಬ್ಬೆಯಲ್ಲೋ ಪೈಪಿನಲ್ಲೋ ಎಷ್ಟು ದೂರ ಹರಿದಿದೆ, ನಡುವೆ ದನ ನೀರು ಕುಡಿಯುವ ಜಾಗವಿದೆಯೇ ಎಂದು ನೋಡಬೇಕು. ತೆರೆದ ನೀರು ಯಾವುದೇ ಇರಲಿ, ಬಟ್ಟೆಯಲ್ಲಿ ಸೋಸಿ, ಗುಳುಗುಳು ಕುದಿ ಬಂದ ಮೇಲೆ 1 ನಿಮಿಷ ಕುದಿಸಿ. ಕುದಿಸಲಾಗದಿದ್ದರೆ ಕ್ಲೋರಿನ್ ಮಾತ್ರೆ ಹಾಕಿ 30 ನಿಮಿಷ ಬಿಡಿ. ಕದಡಿದ ನೀರಿಗೆ ಸೋಸದೆ ಮಾತ್ರೆ ಹಾಕಿದರೆ ಕ್ಲೋರಿನ್ ಎಲ್ಲ ಕೆಸರಿಗೇ ಖರ್ಚಾಗಿ ಕ್ರಿಮಿ ಉಳಿಯುತ್ತದೆ.

ಅಡಿಕೆ ತೋಟದ ಕೆಳಬದಿಯ ನೀರು ಬೇರೆಯೇ ಮಾತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಎಂಬ ತಾಮ್ರದ ಲವಣ ಇರುತ್ತದೆ. ಮದ್ದು ಹೊಡೆಯುವ ಮಳೆಗಾಲದಲ್ಲಿ ಅದು ತೊಳೆದು ಹಳ್ಳಕ್ಕೆ ಇಳಿಯುತ್ತದೆ. ಕುದಿಸುವುದರಿಂದಾಗಲೀ ಕ್ಲೋರಿನ್ನಿನಿಂದಾಗಲೀ ತಾಮ್ರ ಹೋಗುವುದಿಲ್ಲ. ಆ ದಿನಗಳಲ್ಲಿ ತೋಟದ ಮೇಲ್ಬದಿಯ ನೀರನ್ನೇ ಹಿಡಿಯಿರಿ.

ಬರೀ ನೀರನ್ನೇ ಸುರಿದುಕೊಳ್ಳುವುದೂ ತಪ್ಪು. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ಅದು ತುಂಬದೆ 5-6 ಲೀಟರ್ ಸಪ್ಪೆ ನೀರು ಕುಡಿದರೆ ತಲೆನೋವು, ವಾಕರಿಕೆ, ಮಂಕು ಕವಿಯುತ್ತದೆ. ನೋಡಿದವರು ನೀರು ಸಾಲದೆ ಹೀಗಾಯಿತೆಂದು ಇನ್ನಷ್ಟು ಕುಡಿಸುತ್ತಾರೆ. ಎರಡು ಬಾಟಲಿಯಲ್ಲಿ ಒಂದಕ್ಕೆ ಉಪ್ಪು ಸಕ್ಕರೆ ಇರಲಿ: ಶುದ್ಧ ನೀರು 1 ಲೀಟರಿಗೆ ಮಟ್ಟಸ 6 ಚಹಾ ಚಮಚ ಸಕ್ಕರೆ, ಮಟ್ಟಸ ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಇದಕ್ಕೆ ನಾಲ್ಕು ಮುರುಗಲ (ಕೋಕಂ) ಸಿಪ್ಪೆ ಹಾಕಿದರೆ ಬಿಸಿಲಲ್ಲೂ ಕುಡಿಯುವ ಮನಸ್ಸಾಗುತ್ತದೆ. ನಡೆಯುವವನಿಗೆ ಇದು ಸಣ್ಣ ಅನುಕೂಲವಲ್ಲ.

ಪ್ರಶ್ನೆ: ದಿನದ ನಡಿಗೆಗೆ ಏನು ತಿನ್ನಲು ಒಯ್ಯಬೇಕು? ಪ್ರತಿ ಸಲ ನೂಡಲ್ಸ್, ಬ್ರೆಡ್ಡು.
— ಜೊಯಿಡಾ

ಉತ್ತರ: ಬ್ರೆಡ್ಡು ಜಾಗ ತಿನ್ನುತ್ತದೆ, ನೂಡಲ್ಸಿಗೆ ಒಲೆಯೂ ಹೊತ್ತುಕೊಂಡ ನೀರೂ ಬೇಕು. ನಮ್ಮ ಅಡಿಗೆಮನೆಯಲ್ಲೇ ಇದಕ್ಕಿಂತ ಒಳ್ಳೆಯವಿವೆ. ತೆಳು ಅವಲಕ್ಕಿ 200 ಗ್ರಾಂ, ಬೆಲ್ಲ 75, ಹುರಿದ ಶೇಂಗಾ 100, ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು 150. ಇಷ್ಟರಲ್ಲೇ ಸುಮಾರು 1,900 ಕ್ಯಾಲೊರಿ, ತೂಕ ಅರ್ಧ ಕಿಲೋ ಚಿಲ್ಲರೆ. ಉಪ್ಪಿಗಾಗಿ ಅಪ್ಪೆಮಿಡಿ ಉಪ್ಪಿನಕಾಯಿ ಎರಡು, ಎಣ್ಣೆ ರಸ ಸೋರದಂತೆ ಬಿಗಿ ಡಬ್ಬಿಯಲ್ಲಿ. ಊಟಕ್ಕೆಂದು ಮಧ್ಯಾಹ್ನದವರೆಗೆ ಕಾಯಬೇಡಿ. ಪ್ರತಿ ವಿಶ್ರಾಂತಿಗೂ ಒಂದು ಹಿಡಿ. ಮೊಸರನ್ನ ಒಯ್ಯುವವರು 11ರೊಳಗೆ ತಿಂದು ಮುಗಿಸಲಿ, ಸೆಕೆಗೆ ಅದು ನಿಲ್ಲುವುದಿಲ್ಲ.

ಪ್ರಶ್ನೆ: ಉಂಬಳಕ್ಕೆ (ಜಿಗಣೆಗೆ) ಸುಣ್ಣ ಮುಟ್ಟಿಸಿದರೆ ಬಿಡುತ್ತದೆ ಎಂದು ಆಯಿ ಹೇಳುತ್ತಿದ್ದರು. ಸರಿಯೇ? ಉಣುಗು (ಉಣ್ಣಿ) ಕಚ್ಚಿದರೂ ಅದನ್ನೇ ಮಾಡಬಹುದೇ? ಮಂಗನ ಕಾಯಿಲೆಯ ಭಯದಿಂದ ಮನೆಯಲ್ಲಿ ಚಾರಣಕ್ಕೆ ಕಳಿಸುತ್ತಿಲ್ಲ.
— ಸಿದ್ದಾಪುರ

ಉತ್ತರ: ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಉಂಬಳ ಮಳೆಗಾಲದ ಕಿರುಕುಳ. ಉಣುಗು ಬೇಸಿಗೆಯ ಅಪಾಯ.

ಆಯಿ ಹೇಳಿದಂತೆ ಸುಣ್ಣಕ್ಕೆ ಉಂಬಳ ಬಿಡುವುದು ನಿಜ, ಉಪ್ಪಿಗೂ ಬಿಡುತ್ತದೆ. ಆದರೆ ಹಾಗೆ ಮುದುಡಿ ಬೀಳುವಾಗ ಅದರ ಹೊಟ್ಟೆಯೊಳಗಿನದು ಗಾಯಕ್ಕೆ ಉಗುಳಿ ಬರಬಹುದು, ಸುಣ್ಣ ಗಾಯವನ್ನೂ ಸುಡುತ್ತದೆ. ಉಗುರನ್ನು ಚರ್ಮಕ್ಕೆ ಒತ್ತಿ ಹಿಡಿದು ಸಪೂರ ತುದಿಯ ಕಡೆಯಿಂದ ಬದಿಗೆ ಸರಿಸಿದರೆ ಬಾಯಿ ಬಿಡುತ್ತದೆ. ಆಮೇಲೆ ದಪ್ಪ ತುದಿ. ರಕ್ತ ಹೆಪ್ಪುಗಟ್ಟದಂತೆ ಹಿರುಡಿನ್ ಎಂಬ ದ್ರವ್ಯ ಬಿಟ್ಟಿರುವುದರಿಂದ ರಕ್ತ ಬೇಗ ನಿಲ್ಲದು. ತೊಳೆದು, ಶುದ್ಧ ಬಟ್ಟೆಯಿಂದ 10-15 ನಿಮಿಷ ಒತ್ತಿ ಹಿಡಿಯಿರಿ. ಮೂಗಿನೊಳಗೋ ಕಣ್ಣಿಗೋ ಹೋದರೆ ನೀವೇ ಕೀಳಲು ಹೋಗದೆ ಆಸ್ಪತ್ರೆಗೆ. ಮೊಣಕಾಲವರೆಗಿನ ಒತ್ತು ನೇಯ್ಗೆಯ ಉಂಬಳ ಕಾಲುಚೀಲ ಉತ್ತಮ ತಡೆ. ಹೊಗೆಸೊಪ್ಪಿನ ನೀರು, ಸಾಬೂನು ಸವರಿದ್ದು ಒಂದೆರಡು ಹಳ್ಳ ದಾಟುವಷ್ಟರಲ್ಲಿ ತೊಳೆದು ಹೋಗುತ್ತದೆ, ಮತ್ತೆ ಹಚ್ಚಬೇಕು.

ಇನ್ನು ಉಣುಗು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈರಸ್ ಹರಡುವುದು ಉಣುಗಿನಿಂದ, ಅದರಲ್ಲೂ ಎಳ್ಳು ಕಾಳಿಗಿಂತ ದೊಡ್ಡದಿರದ ಮರಿ ಉಣುಗಿನಿಂದ. ಅವು ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ಚಾರಣದ ಕಾಲದಲ್ಲೇ. ಮನೆಯವರ ಭಯಕ್ಕೆ ಕಾರಣವಿದೆ. ಆ ಹಂಗಾಮಿನಲ್ಲಿ ಕಾಯಿಲೆ ಕಾಣಿಸಿಕೊಂಡ, ಮಂಗ ಸತ್ತ ಊರುಗಳ ಕಾಡಿಗೆ ಹೋಗಲೇಬೇಡಿ. ಯಾವ ಊರು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯರಲ್ಲೋ ಕೇಳಿದರೆ ಹೇಳುತ್ತಾರೆ.

ಬೇರೆ ಕಡೆ ಹೋಗುವಾಗ ತಿಳಿ ಬಣ್ಣದ ಉದ್ದ ತೋಳಿನ ಬಟ್ಟೆ ಹಾಕಿ. ಉಣುಗು ಹತ್ತಿದ್ದು ಕಾಣುತ್ತದೆ. ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈ ಕಾಲಿಗೆ, ಕುತ್ತಿಗೆಗೆ ಹಚ್ಚಿ. ದರಕಿನ ಮೇಲೆ ಕೂರುವುದು, ಚೀಲ ಇಡುವುದು ಬೇಡ. ಬಂಡೆ ಹುಡುಕಿ, ಇಲ್ಲವೇ ಪ್ಲಾಸ್ಟಿಕ್ ಹಾಸಿ. ಸಂಜೆ ಬಟ್ಟೆಯೆಲ್ಲ ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಮಿಂದು, ಕಂಕುಳು, ತೊಡೆಸಂದಿ, ಕಿವಿಯ ಹಿಂದೆ, ಮೊಣಕಾಲ ಹಿಂಬದಿ ಒಬ್ಬರಿಗೊಬ್ಬರು ನೋಡಿ. ಕಚ್ಚಿಕೊಂಡಿದ್ದರೆ ಸುಣ್ಣ, ಸೀಮೆಎಣ್ಣೆ, ಬೆಂಕಿ ಯಾವುದೂ ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ನಿಧಾನ ಎಳೆಯಿರಿ, ಉಗುರಿನಲ್ಲಿ ಕುಕ್ಕಬೇಡಿ.

ಕಚ್ಚಿದ 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ‘ನಡೆದ ಸುಸ್ತು’ ಎಂದು ಮಲಗಬೇಡಿ. ವೈದ್ಯರಿಗೆ ಕಾಡಿಗೆ ಹೋದ ತಾರೀಖು ಮತ್ತು ಜಾಗ ಹೇಳಿ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಮಾತ್ರ. ಈ ಕಾಯಿಲೆಯಲ್ಲಿ ರಕ್ತಸ್ರಾವವಾಗುವ ಸಂಭವ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಹಾಗಾಗಿ ರೋಗಿಯನ್ನು ದೂರವಿಡಬೇಕಿಲ್ಲ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿರುಗಿ ಬಂದು ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಸುತ್ತಲೂ ಇರುತ್ತವೆ.

ಪ್ರಶ್ನೆ: ಹಾವು ಕಚ್ಚಿದರೆ ಏನು ಒಯ್ದಿರಬೇಕು?
— ಮುಂಡಗೋಡ

ಉತ್ತರ: ಔಷಧಿ ಒಯ್ಯುವಂಥದ್ದೇನೂ ಇಲ್ಲ. ದಾರ ಬಿಗಿಯುವುದು, ಕೊಯ್ಯುವುದು, ಹೀರುವುದು ಮೂರೂ ಹಾನಿ. ಉಂಗುರ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕೈಯೋ ಕಾಲೋ ಅಲುಗದಂತೆ ಕೋಲು ಇಟ್ಟು ಕಟ್ಟಿ, ಆದಷ್ಟು ನಡೆಸದೆ ಹೊತ್ತು ಸಾಗಿಸಿ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಘಟ್ಟದ ದರಕಿನಲ್ಲಿ ಸುರುಳಿಯಾಗಿ ಕೂರುವ ಮೊಂಡುಮೂಗಿನ ಸಣ್ಣ ಮಂಡಲಕ್ಕೆ ಅದು ನಾಟುವುದಿಲ್ಲ, ಚಿಕಿತ್ಸೆ ಬೇರೆ. ಹಾಗಾಗಿ ದೂರದಿಂದ ಒಂದು ಫೋಟೊ ಸಿಕ್ಕರೆ ವೈದ್ಯರಿಗೆ ನೆರವು. ಹಾವನ್ನು ಹುಡುಕಿ ಹೊಡೆಯಲು ಹೋಗಿ ಎರಡನೆಯವರು ಕಚ್ಚಿಸಿಕೊಳ್ಳುವುದು ಬೇಡ.

ಪ್ರಶ್ನೆ: ಮೊಬೈಲ್ ನಕಾಶೆ ನಂಬಿ ಹೋಗಿ ದಾರಿ ತಪ್ಪಿದೆವು. ಹಳ್ಳ ಹಿಡಿದು ಕೆಳಗೆ ನಡೆದರೆ ಊರು ಸಿಕ್ಕೇ ಸಿಗುತ್ತದೆ ಎಂದು ಒಬ್ಬರು, ನಿಂತಲ್ಲೇ ನಿಲ್ಲಬೇಕು ಎಂದು ಇನ್ನೊಬ್ಬರು. ಯಾವುದು ಸರಿ?
— ಯಲ್ಲಾಪುರ

ಉತ್ತರ: ಬಯಲುಸೀಮೆಯಲ್ಲಿ ಹಳ್ಳ ಹಿಡಿದು ನಡೆದರೆ ಊರು ಸಿಗಬಹುದು. ನಮ್ಮ ಘಟ್ಟದಲ್ಲಿ ಹಳ್ಳ ಕೊನೆಗೆ ಒಯ್ದು ನಿಲ್ಲಿಸುವುದು ಜಲಪಾತದ ನೆತ್ತಿಗೆ. ಅಘನಾಶಿನಿ ಉಂಚಳ್ಳಿಯಲ್ಲಿ ಧುಮುಕುವುದು 116 ಮೀಟರ್. ಅಷ್ಟು ದೊಡ್ಡದು ಬೇಕಿಲ್ಲ, 10 ಮೀಟರಿನ ಹೆಸರಿಲ್ಲದ ಅಬ್ಬಿಯೂ ಸಾಕು. ಹಾವಸೆ ಹಿಡಿದ ಬಂಡೆಯಲ್ಲಿ ಕೆಳಗೆ ಇಳಿಯಲಾರಿರಿ, ಇಳಿದು ಬಂದದ್ದನ್ನು ಹತ್ತಲೂ ಆಗದು. ಹಳ್ಳ ಹಿಡಿದು ಇಳಿಯಬೇಡಿ.

ದಾರಿ ತಪ್ಪುವುದೇಕೆ ಎಂದು ತಿಳಿದರೆ ಅರ್ಧ ಕೆಲಸ ಆದಂತೆ. ಕಾಡಿನಲ್ಲಿ ಕಾಣುವ ದಾರಿಗಳೆಲ್ಲ ಊರಿಗೆ ಹೋಗುವುದಿಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋಗುವ ದಾರಿ, ದರಕು ಒಟ್ಟುವ ದಾರಿ, ಉಪ್ಪಾಗೆ ಹಣ್ಣು ಕೊಯ್ಯಲು ಹೋದವರ ದಾರಿ, ದನದ ದಾರಿ — ಇವೆಲ್ಲ ಮೊದಲ ಅರ್ಧ ಕಿಲೋಮೀಟರ್ ನಿಮ್ಮ ದಾರಿಗಿಂತ ಅಗಲ, ಚೊಕ್ಕ. ಆಮೇಲೆ ಕವಲೊಡೆದು, ಸಪೂರವಾಗಿ, ಒಂದು ಮರದ ಬುಡದಲ್ಲಿ ಮುಗಿಯುತ್ತವೆ. ಊರಿಂದ ಊರಿಗೆ ಹೋಗುವ ದಾರಿಗೆ ತಲೆಮಾರುಗಳ ಕಾಲು ತಾಗಿ ಮಣ್ಣು ತಗ್ಗಿರುತ್ತದೆ, ಕಡಿದಾದಲ್ಲಿ ಕಲ್ಲು ಕಟ್ಟಿರುತ್ತದೆ, ಅದು ಸುತ್ತಿ ಬಳಸಿಯಾದರೂ ಒಂದೇ ಹದದ ಇಳಿಜಾರಿನಲ್ಲಿ ಸಾಗುತ್ತದೆ. ದಾರಿ ಸಪೂರವಾಗುತ್ತ ಹೋದದ್ದು ಗಮನಕ್ಕೆ ಬಂದ ಕೂಡಲೇ ನಿಲ್ಲಿ. ಗಡಿಯಾರ ನೋಡಿ, ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿ. 15 ನಿಮಿಷದ ತಪ್ಪನ್ನು 15 ನಿಮಿಷದಲ್ಲಿ ತಿದ್ದಬಹುದು. ‘ಅಡ್ಡ ಹಾಯ್ದು ಕೂಡಿಕೊಳ್ಳೋಣ’ ಎಂದಾಗಲೇ ಅದು ಮೂರು ತಾಸಿನದಾಗುವುದು.

ಹಿಂದಿರುಗಲೂ ದಾರಿ ಕಾಣದಿದ್ದರೆ, ಅಥವಾ 5 ದಾಟಿದ್ದರೆ, ಇನ್ನೊಬ್ಬರು ಹೇಳಿದ್ದೇ ಸರಿ: ಎತ್ತರದ ಬಯಲು ಜಾಗದಲ್ಲಿ ಎಲ್ಲರೂ ಒಟ್ಟಿಗೆ ಕೂತುಬಿಡಿ. ಬೆಚ್ಚಗಿನ ಬಟ್ಟೆ ಹಾಕಿ, ಮೂರು ಮೂರು ಸಲ ಸೀಟಿ ಊದಿ, 112ಕ್ಕೆ ಕರೆ ಮಾಡಿ ನೋಡಿ. ಹೊರಡುವ ಮೊದಲು ಊರಿನ ಒಬ್ಬರ ಬಳಿ ದಾರಿಯ ಹೆಸರು, ಜನರ ಸಂಖ್ಯೆ, ‘ಇಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಹುಡುಕಿ’ ಎಂಬ ಸಮಯ ಬರೆದು ಕೊಟ್ಟಿದ್ದರೆ, ಹುಡುಕುವವರು ಆ ರಾತ್ರಿಯೇ ಹೊರಡುತ್ತಾರೆ.

ಮೊಬೈಲಿನ ತಪ್ಪೇನೂ ಇಲ್ಲ, ಬಳಸುವ ಕ್ರಮ ಬೇಕು. ನಕಾಶೆಯನ್ನು ಮನೆಯಲ್ಲೇ ಇಳಿಸಿಕೊಂಡು, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿ ಫೋನು ಗೋಪುರ ಹುಡುಕಿ ಹುಡುಕಿಯೇ ಬ್ಯಾಟರಿ ತೀರಿಸುತ್ತದೆ; ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ದಟ್ಟ ಮರದಡಿ, ಕಡಿದಾದ ಬಂಡೆ ಬದಿ ಅದು ಹತ್ತಾರು ಮೀಟರ್ ತಪ್ಪು ತೋರಿಸೀತು, ಕವಲಿನಲ್ಲಿ ಅಷ್ಟೇ ಸಾಕು ದಾರಿ ತಪ್ಪಲು. ಪ್ರತಿ ಕವಲಿನಲ್ಲೂ 20 ಹೆಜ್ಜೆ ನಡೆದು ಇನ್ನೊಮ್ಮೆ ನೋಡಿ.

ಪ್ರಶ್ನೆ: ಬೂಟು ಹೊಸದು, ಬೆಲೆಯೂ ಹೆಚ್ಚು. ಆದರೂ ಹಿಮ್ಮಡಿಯಲ್ಲಿ ಗುಳ್ಳೆ, ಹೆಬ್ಬೆರಳ ಉಗುರು ಕಪ್ಪಾಯಿತು. ಹಳ್ಳಿಯವರು ಹವಾಯಿ ಚಪ್ಪಲಿಯಲ್ಲೇ ಘಟ್ಟ ಇಳಿಯುತ್ತಾರಲ್ಲ?
— ಅಂಕೋಲಾ

ಉತ್ತರ: ಅವರ ಬೆನ್ನಲ್ಲಿ ನಿಮ್ಮ ಹೊರೆಯಿಲ್ಲ, ಪಾದವೂ ಪಳಗಿದ್ದು. ಹೊಸ ಬೂಟನ್ನು ಚಾರಣದ ದಿನವೇ ಹಾಕಿದ್ದು ನಿಮ್ಮ ತೊಂದರೆಯ ಮೂಲ. ಮೂರು ವಾರ ಮೊದಲೇ ಪೇಟೆಗೆ, ಗುಡ್ಡಕ್ಕೆ ಹಾಕಿ 30-40 ಕಿ.ಮೀ. ನಡೆದಿರಬೇಕು. ಬೂಟು ಕೊಳ್ಳುವುದು ಸಂಜೆ, ಪಾದ ಊದಿದ ಹೊತ್ತಿನಲ್ಲಿ, ಚಾರಣದ ಕಾಲುಚೀಲ ಹಾಕಿಕೊಂಡೇ. ಬೆರಳ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಬೇಕು. ಉಗುರು ಕಪ್ಪಾಗುವುದು ಇಳಿಜಾರಿನಲ್ಲಿ ಪಾದ ಮುಂದೆ ಜಾರಿ ಬೆರಳು ಬಡಿದು. ಇಳಿಯುವ ಮೊದಲು ಕೂತು, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಕಣಕಾಲ ಬುಡದ ಲಾಡಿ ಬಿಗಿದು ಕಟ್ಟಿ, ಬೆರಳ ಕಡೆ ಸಡಿಲವಿರಲಿ. ಉಗುರನ್ನು ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿ.

ಗುಳ್ಳೆ ಏಳುವ ಮೊದಲು ಚರ್ಮ ಉರಿಯುತ್ತದೆ. ಆಗಲೇ ನಿಂತು, ಒರೆಸಿ ಒಣಗಿಸಿ, ಔಷಧಿ ಅಂಗಡಿಯ ಬಟ್ಟೆಪಟ್ಟಿ ಸುಕ್ಕಿಲ್ಲದೆ ಅಂಟಿಸಿ. ಗುಂಪು ಮುಂದೆ ಹೋಗುತ್ತದೆಂದು ನಾಚಿ ನಡೆದರೆ ಅರ್ಧ ತಾಸಿನಲ್ಲಿ ಗುಳ್ಳೆ. ಹತ್ತಿಯ ಕಾಲುಚೀಲ ಬೆವರು ಹಿಡಿದಿಟ್ಟು ಚರ್ಮ ಮೆತ್ತಗಾಗಿಸುತ್ತದೆ. ತೆಳು ಪಾಲಿಯೆಸ್ಟರಿನದು ಒಳಗೆ, ಉಣ್ಣೆಯದು ಹೊರಗೆ ಹಾಕಿದರೆ ಉಜ್ಜಾಟ ಆ ಎರಡರ ನಡುವೆಯೇ ಮುಗಿಯುತ್ತದೆ. ಹಳ್ಳ ದಾಟುವಾಗ ಕಾಲುಚೀಲ ಕಳಚಿ ಬೂಟು ಹಾಕಿಕೊಂಡೇ ದಾಟಿ, ಆಚೆ ನೀರು ಬಸಿದು ಒಣ ಕಾಲುಚೀಲ. ಬರಿಗಾಲಲ್ಲಿ ಹಾವಸೆಯ ಮೇಲೆ ಹೋಗಬೇಡಿ.

ಪ್ರಶ್ನೆ: ವಯಸ್ಸು 58. ಏರುವಾಗ ತೊಂದರೆಯಿಲ್ಲ, ಇಳಿಯುವಾಗ ಮೊಣಕಾಲು ನೋಯುತ್ತದೆ.
— ಹೊನ್ನಾವರ

ಉತ್ತರ: ಎರಡು ಕೋಲು ಹಿಡಿಯಿರಿ. ಸಮತಟ್ಟಿನಲ್ಲಿ ಮೊಣಕೈ 90 ಡಿಗ್ರಿ ಬಾಗುವಷ್ಟು ಉದ್ದ, ಇಳಿಜಾರಿನಲ್ಲಿ 5-10 ಸೆಂ.ಮೀ. ಹೆಚ್ಚು. ಬಿದಿರಿನದಾದರೆ ಮೊದಲೇ ಉದ್ದ ಇಟ್ಟು ಕತ್ತರಿಸಿ, ಹಿಡಿತ ಕೆಳಗೆ ಮೇಲೆ ಮಾಡಿ. ಸಣ್ಣ ಹೆಜ್ಜೆ, ಮೊಣಕಾಲು ಸ್ವಲ್ಪ ಬಾಗಿಯೇ ಇರಲಿ, ಹಿಂದಕ್ಕೆ ವಾಲಬೇಡಿ. ವಾಲಿದರೆ ಹಿಮ್ಮಡಿ ಜಾರುತ್ತದೆ. ಹೊರೆ 6 ಕೆ.ಜಿ. ಮೀರದಿರಲಿ. ಆರು ವಾರ ಮೊದಲೇ ಮನೆಯ ಮೆಟ್ಟಿಲನ್ನು ನಿಧಾನ ಇಳಿಯುವ ಅಭ್ಯಾಸ, ವಾರಕ್ಕೆ ಮೂರು ದಿನ. ನೋವಿನ ಜೊತೆ ಊತವೂ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಜುಲೈನಲ್ಲಿ ಜಲಪಾತ ಚೆಂದ. ಆಗ ಹೋದರೆ? ಅನುಮತಿ ಎಲ್ಲಿ ಕೇಳಬೇಕು?
— ದಾಂಡೇಲಿ

ಉತ್ತರ: ಜುಲೈನಲ್ಲಿ ಘಟ್ಟದ ದಾರಿ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದು ನಮ್ಮೆಲ್ಲರ ಕಣ್ಣ ಮುಂದಿದೆ. ಕಾಲುದಾರಿಯ ಹಳ್ಳ ಮೇಲೆಲ್ಲೋ ಸುರಿದ ಮಳೆಗೆ ಅರ್ಧ ತಾಸಿನಲ್ಲಿ ಉಕ್ಕುತ್ತದೆ. ಬೆಳಿಗ್ಗೆ ಮೊಣಕಾಲುದ್ದ ದಾಟಿದವರು ಸಂಜೆ ಈಚೆ ಬರಲಾರರು. ಅಕ್ಟೋಬರ್ ಕೊನೆಗೂ ಜಲಪಾತ ತುಂಬಿಯೇ ಇರುತ್ತದೆ.

ದಾಂಡೇಲಿ, ಅಣಶಿ ಕಡೆಯದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಇಲಾಖೆ ತೆರೆದಿಟ್ಟ ದಾರಿ ಬಿಟ್ಟು ಬೇರೆಡೆ ಕಾಲಿಡುವಂತಿಲ್ಲ. ಉಂಚಳ್ಳಿಯ ಸುತ್ತಲಿನದು 2011ರಲ್ಲಿ ಘೋಷಿಸಿದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು. ಎಲ್ಲೇ ಆದರೂ ಆ ಭಾಗದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ, ಊರಿನ ದಾರಿಬಲ್ಲವರನ್ನು ಕೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಕಾಡಿನಲ್ಲಿ ಒಲೆ, ಬೀಡಿ, ಕರ್ಪೂರ ಯಾವುದೂ ಬೇಡ. ದರಕಿಗೆ ಒಂದು ಕಿಡಿ ಸಾಕು.

ಪ್ರಶ್ನೆ: ಗೋಕರ್ಣದಿಂದ ಕುಮಟಾಕ್ಕೆ ಕಡಲ ಬದಿಯಲ್ಲಿ ನಡೆಯಲು ಎರಡು ದಿನ ಬೇಕೇ? ಘಟ್ಟಕ್ಕಿಂತ ಸುಲಭವೇ?
— ಭಟ್ಕಳ

ಉತ್ತರ: ಹೊರೆ ಹೊತ್ತವರಿಗೆ ಎರಡು ದಿನವೇ ಹದ. ಏರು ಸಣ್ಣದು, ಆದರೆ ನೆರಳಿಲ್ಲ. ಸಡಿಲ ಮರಳಿನಲ್ಲಿ ತಾಸಿಗೆ ಎರಡೂವರೆ ಕಿ.ಮೀ. ಆದರೆ ಹೆಚ್ಚು, ಅಲೆ ತೊಯ್ಸಿ ಹೋದ ಗಟ್ಟಿ ಮರಳಿನಲ್ಲಿ ನಡೆಯಿರಿ. 11ರಿಂದ 3ರವರೆಗೆ ಎಲ್ಲಾದರೂ ನೆರಳಲ್ಲಿ ಕೂತುಬಿಡುವಂತೆ ದಿನವನ್ನು ಜೋಡಿಸಿ.

ಇಲ್ಲಿ ಲೆಕ್ಕಕ್ಕೆ ಸೂರ್ಯನ ಜೊತೆ ಕಡಲೂ ಸೇರುತ್ತದೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳ ನಡುವೆ ಗುಡ್ಡದ ಮೂಗುಗಳು ಕಡಲಿಗೆ ಚಾಚಿವೆ. ಬುಡದ ಬಂಡೆಯ ಮೇಲೆ ಹೋಗುವುದು ಇಳಿತದಲ್ಲಿ ಸುಲಭವೆಂದು ಕಾಣುತ್ತದೆ, ಭರತ ಏರಿದಾಗ ಹಿಂದೆ ಮುಂದೆ ಎರಡೂ ಕಡೆ ನೀರು. ಇಳಿತದಿಂದ ಭರತಕ್ಕೆ ಸುಮಾರು ಆರು ತಾಸು, ದಿನದಿನಕ್ಕೆ ಅದು 50 ನಿಮಿಷದಂತೆ ಮುಂದೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ಏರಿಳಿತ ದೊಡ್ಡದು. ಆ ದಿನದ ಹೊತ್ತನ್ನು ಮೀನುಗಾರರಲ್ಲಿ ಕೇಳಿಕೊಳ್ಳಿ. ಕೇಳಿಕೊಂಡರೂ ಬಂಡೆಯ ಬುಡ ಬಿಟ್ಟು ಗುಡ್ಡದ ಮೇಲಿನ ದಾರಿಯನ್ನೇ ಹಿಡಿಯಿರಿ. ಗುರುತಿಲ್ಲದ ತೀರದಲ್ಲಿ ಈಜಬೇಡಿ. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಹಲವು ಸಲ ಒಳಕ್ಕೆ ಸೆಳೆಯುವ ನೀರು.

ತದಡಿಯಲ್ಲಿ ಅಘನಾಶಿನಿ ನದಿ ಅಡ್ಡ ಬರುತ್ತದೆ, ದೋಣಿಯಲ್ಲಿ ಆಚೆ ಅಘನಾಶಿನಿ ಊರಿಗೆ ದಾಟಬೇಕು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆಯೇ ಫೋನಿನಲ್ಲಿ ವಿಚಾರಿಸಿ, ಮೊದಲ ದಿನದ ಗಡುವನ್ನು ಅದಕ್ಕಿಂತ ಒಂದು ತಾಸು ಮುಂಚೆ ಇಡಿ. ಆಚೆ ದಡದಲ್ಲಿ ತಂಗಿದರೆ ಮರುದಿನ ಬಾಡ, ಕಡ್ಲೆ ತೀರಗಳನ್ನು ತಂಪು ಹೊತ್ತಿನಲ್ಲೇ ದಾಟಬಹುದು. ದೋಣಿ ತಪ್ಪಿದರೆ ರಸ್ತೆಯಲ್ಲಿ ಮಿರ್ಜಾನ ಸುತ್ತಿ ವಾಹನದಲ್ಲಿ ಬನ್ನಿ, ಕತ್ತಲಲ್ಲಿ ಸಿಕ್ಕ ಸಣ್ಣ ದೋಣಿ ಹತ್ತಬೇಡಿ.